ಒಂದೇ ನೊಗಕ್ಕೆ ಹೂಡಿ ನೂರಕ್ಕೆ ನೂರು ಮುಟ್ಟಿದ ಬಗೆ

ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮಕ್ಕಳಿಬ್ಬರನ್ನು ಕಟ್ಟಿಕೊಂಡು ‘ಲೆಗೋ ಸ್ಟಾರ್ ವಾರ್ಸ್: ದಿ ಕಂಪ್ಲೀಟ್ ಸಾಗಾ’ ಎಂಬ ವಿಡಿಯೊ ಆಟವನ್ನು ಪೂರ್ತಿ ಮುಗಿಸುತ್ತೇನೆ ಎಂದು ಹೇಳಿದಾಗ ಚಹಾ ಅಂಗಡಿಯಲ್ಲಿದ್ದ ಮೂವರೂ ನಕ್ಕರು. ಮೂವರೂ ನನ್ನಂತೆ ವಿಜಯಪುರದಲ್ಲೇ ಕಂಪ್ಯೂಟರ್ ರಿಪೇರಿ ಮಾಡುವವರು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಆಟ ಆಡುವವರು. ಕಥೆ ಮುಗಿಸುವುದಾದರೆ ಸರಿ, ಅದನ್ನು ಯಾರಾದರೂ ಮುಗಿಸುತ್ತಾರೆ. ನಾನು ಹೇಳಿದ್ದು ಆಟದಲ್ಲಿ ಗಳಿಸಬೇಕಾದ 160 ಚಿನ್ನದ ಇಟ್ಟಿಗೆಗಳೂ ಕೈಸೇರಿ, ಪರದೆಯ ಮೇಲೆ ನೂರು ಎಂಬ ಅಂಕಿ ಬೀಳುವ ಮಾತು. ಹುಡುಗಿಗೆ ಒಂಬತ್ತು ವರ್ಷ, ಹುಡುಗನಿಗೆ ಆರು. ‘ಮಕ್ಕಳು ಮಲಗಿದ ಮೇಲೆ ನೀನೊಬ್ಬನೇ ಆಡಿ ಮುಗಿಸುತ್ತೀಯ, ಬೆಳಿಗ್ಗೆ ಅವರ ಹೆಸರು ಹೇಳುತ್ತೀಯ’ ಎಂದ ಒಬ್ಬ. ಪಂದ್ಯ ಗಿರ್ಮಿಟ್ಟು ಮಿರ್ಚಿಯ ಮೇಲೆ ನಿಂತಿತು. ಸೋತವನು ಹತ್ತು ಜನರಿಗೆ ತಿನ್ನಿಸಬೇಕು.

ಗೆದ್ದದ್ದು ನಾನೇ. ಸುಮಾರು ಏಳು ವಾರ ಹಿಡಿಯಿತು.

ಇದೇ ಆಟ ಏಕೆ ಎಂದು ಕೇಳುವವರಿಗೆ ಎರಡು ಮಾತು. 1977ರಿಂದ 2005ರವರೆಗಿನ ಆರು ‘ಸ್ಟಾರ್ ವಾರ್ಸ್’ ಸಿನಿಮಾಗಳ ಕಥೆಯನ್ನು ಲೆಗೋ ಎಂಬ ಆಟಿಕೆಯ ಇಟ್ಟಿಗೆಗಳಲ್ಲಿ ಕಟ್ಟಿ 2007ರಲ್ಲಿ ಬಂದ ಆಟ ಇದು. ಕಂಪ್ಯೂಟರ್‌ಗೆ ಬಂದದ್ದು 2009ರಲ್ಲಿ. ಸತ್ತವರು ಚೂರುಚೂರಾಗಿ ಉದುರುತ್ತಾರೆ, ಮರುಕ್ಷಣ ಎದ್ದು ನಿಲ್ಲುತ್ತಾರೆ. ನನಗೆ ಮುಖ್ಯವಾದದ್ದು ಬೇರೆ: ಇದರಲ್ಲಿ ಯಾರೂ ಮಾತನಾಡುವುದಿಲ್ಲ. ಗೊಣಗುತ್ತಾರೆ, ಕೈ ಬೀಸುತ್ತಾರೆ, ಹೆಗಲು ಕುಣಿಸುತ್ತಾರೆ, ಅಷ್ಟೇ. ಆರು ವರ್ಷದವನಿಗೂ ಅರವತ್ತೆಂಟರ ನಮ್ಮ ಅವ್ವನಿಗೂ ಇಂಗ್ಲಿಷ್ ಬೇಕಾಗಲಿಲ್ಲ. ಮೂರನೆಯ ದಿನಕ್ಕೆ ನಮ್ಮ ಮನೆಯಲ್ಲಿ ಆಟದ ಪಾತ್ರಗಳಿಗೆಲ್ಲ ಹೊಸ ಹೆಸರು ಬಿದ್ದಿದ್ದವು. ಚುಬಾಕಾ ಎಂದರೆ ಕರಡಿ, ಆರ್ಟೂ ಎಂದರೆ ಡಬ್ಬಿ, ಯೋಡಾ ಎಂದರೆ ಹಸಿರು ಅಜ್ಜ, ಡಾರ್ತ್ ವೇಡರ್ ಎಂದರೆ ಕರಿಕಂಬಳಿ.

ಯಂತ್ರದ ವಿಷಯ ನಿಮಗೆ ಹೇಳಬೇಕಾಗಿಲ್ಲ. ಗಿರಾಕಿಯೊಬ್ಬರು ‘ತೂಕಕ್ಕೆ ಹಾಕಿ’ ಎಂದು ಬಿಟ್ಟುಹೋದ ಕೋರ್ ಟೂ ಡ್ಯುಯೋ ಚಿಪ್ಪಿನ ಹಳೆಯ ಕಂಪ್ಯೂಟರ್, ಎರಡು ಜಿಬಿ ರ್‍ಯಾಮ್. ಈ ಆಟಕ್ಕೆ ಅದು ಧಾರಾಳ. ಸೊಲ್ಲಾಪುರದಿಂದ ತರಿಸಿದ ಹಳೆಯ ಗ್ರಾಫಿಕ್ಸ್ ಕಾರ್ಡಿಗೆ 1,200 ರೂಪಾಯಿ ಕೊಟ್ಟೆ ಎಂದು ನೆನಪು. ಆಟವನ್ನು ರಿಯಾಯಿತಿ ಬಂದಾಗ ಕೊಂಡದ್ದು, ಮುನ್ನೂರರೊಳಗೆ ಮುಗಿಯಿತು. ನನ್ನ ದುಡ್ಡು ಸುಟ್ಟದ್ದು ಕೈಯಲ್ಲಿ ಹಿಡಿದು ಕಡ್ಡಿ, ಗುಂಡಿ ಒತ್ತಿ ಆಡಿಸುವ ಗೇಮ್‌ಪ್ಯಾಡ್‌ಗಳಲ್ಲಿ. ಅಗ್ಗದ ಜೋಡಿ ಒಂದಕ್ಕೆ 350ರಂತೆ ತಂದೆ. ಹನ್ನೊಂದನೆಯ ದಿನ ಎಡಗಡೆಯ ಕಡ್ಡಿ ತಾನಾಗಿಯೇ ಮೇಲಕ್ಕೆ ಜಾರತೊಡಗಿತು. ಹುಡುಗನ ಪಾತ್ರ ಯಾರೂ ಮುಟ್ಟದೆಯೇ ನಡೆದು ಹೋಗಿ ಕಂದಕಕ್ಕೆ ಬೀಳುತ್ತಿತ್ತು. ಬಿಚ್ಚಿ, ತೊಳೆದು, ಬೇರೆ ಪ್ಯಾಡಿನ ಕಡ್ಡಿ ತೆಗೆದು ಬೆಸುಗೆ ಹಾಕಿದೆ. ಇನ್ನೊಂದು ವಾರ ನಡೆಯಿತು. ಕೊನೆಗೆ 1,100ರ ಜೋಡಿ ತಂದೆ. ಅಂದರೆ 700 ರೂಪಾಯಿ ಮತ್ತು ಎರಡು ಭಾನುವಾರ ನೀರಿಗೆ ಹೋದವು. ರಿಪೇರಿಯವನ ಮನೆಯಲ್ಲೇ ಅಗ್ಗದ ಮಾಲಿಗೆ ಮೋಸಹೋಗುವುದು ಎಂದು ಹೆಂಡತಿ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುವುದಿಲ್ಲ. ಕಡ್ಡಿಯ ನಡುಬಿಂದುವನ್ನು ಸಣ್ಣ ಮಕ್ಕಳ ಬೆರಳಿಗೆ ಹೊಂದುವಂತೆ ನಾನು ಹೇಗೆ ಕೂರಿಸಿದೆ ಎಂಬುದನ್ನೂ ಬರೆಯುವುದಿಲ್ಲ. ಅದಕ್ಕಾಗಿ ಈಗ ಇಬ್ಬರು ಗಿರಾಕಿಗಳು ಬರುತ್ತಿದ್ದಾರೆ.

ಮೊದಲ ಹತ್ತು ದಿನ ಪೂರ್ತಿ ಸೋಲು. ಈ ಆಟದಲ್ಲಿ ಇಬ್ಬರಿಗೂ ಸೇರಿ ಒಂದೇ ಪರದೆ ಎಂಬುದು ಆಡಿದವರಿಗೆಲ್ಲ ಗೊತ್ತು. ಒಬ್ಬ ಮುಂದೆ ಓಡಿದರೆ ಹಿಂದಿನವನು ಅಂಚಿಗೆ ಸಿಕ್ಕಿ ಎಳೆಸಿಕೊಳ್ಳುತ್ತಾನೆ, ಸೇತುವೆಯ ಮೇಲಿದ್ದರೆ ಕೆಳಗೆ ಬೀಳುತ್ತಾನೆ, ಬಿದ್ದಾಗ ಕೂಡಿಟ್ಟ ನಾಣ್ಯ ಚೆಲ್ಲುತ್ತದೆ. ನನಗೆ ದಾರಿ ಗೊತ್ತಿತ್ತಲ್ಲ, ಓಡುತ್ತಿದ್ದೆ. ಹುಡುಗ ಬೀಳುತ್ತಿದ್ದ. ಬಿದ್ದವನು ಎದ್ದು ಬಂದು ಬೆಳಕಿನ ಕತ್ತಿಯಿಂದ ನನಗೇ ಹೊಡೆಯುತ್ತಿದ್ದ. ಜೊತೆಗಾರನಿಗೆ ಹೊಡೆಯಲು ಈ ಆಟ ಧಾರಾಳವಾಗಿ ಬಿಡುತ್ತದೆ. ನಾನು ಉದುರುತ್ತಿದ್ದೆ. ಅವನು ನಗುತ್ತಿದ್ದ. ಆಮೇಲೆ ಅಕ್ಕ ತಮ್ಮನನ್ನು ಕೂರಿಸಿದರೆ ಪರದೆಯ ಒಳಗಿನ ಜಗಳ ಹೊರಗೆ ಬರುತ್ತಿತ್ತು. ಹತ್ತು ದಿನದಲ್ಲಿ ಮುಗಿದದ್ದು ನಾಲ್ಕೋ ಐದೋ ಅಧ್ಯಾಯ. ಒಟ್ಟು ಇರುವುದು 36.

ದಾರಿ ತೋರಿಸಿದ್ದು ಅಪ್ಪ. ಅವರಿಗೆ ಆಟದ ಗಂಧವಿಲ್ಲ. ಡೋಣಿ ನದಿ ದಂಡೆಯ ಎರೆ ಹೊಲದಲ್ಲಿ ನಲವತ್ತು ವರ್ಷ ದುಡಿದವರು. ಹಿಂದೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದವರು ಒಂದು ದಿನ ಹೇಳಿದರು: ‘ಹೊಸ ಹೋರಿಯನ್ನು ಹಳೆಯ ಎತ್ತಿನ ಜೊತೆ ಹೂಡುವುದು ಏತಕ್ಕೆ ಎಂದು ತಿಳಿದಿದ್ದೀಯ? ಹಳೆಯದು ಎಳೆಯಲಿ ಎಂದಲ್ಲ. ಹಳೆಯದಕ್ಕೆ ನಿಲ್ಲುವುದು ಗೊತ್ತಿರುತ್ತದೆ. ನೀನು ಹೋರಿಯ ಹಾಗೆ ಜಗ್ಗುತ್ತಿದ್ದೀಯ.’

ಅಂದಿನಿಂದ ಒಂದೇ ನಿಯಮ. ಜೋಡಿಯಲ್ಲಿ ಯಾರು ಸಣ್ಣವರೋ ಅವರೇ ಮುಂದೆ. ದೊಡ್ಡವರು ಅವರಿಗಿಂತ ಎರಡು ಹೆಜ್ಜೆ ಹಿಂದೆ, ಬಾಯಿ ಮುಚ್ಚಿಕೊಂಡು. ಹುಡುಗ ಗೋಡೆಗೆ ಗುದ್ದುತ್ತಾ ಐದು ನಿಮಿಷ ನಿಂತರೂ ನಾನು ನಿಲ್ಲಬೇಕು. ಹೇಳಿದಷ್ಟು ಸುಲಭವಲ್ಲ. ಬಾಗಿಲು ಎದುರಿಗೇ ಇದೆ, ಡಬ್ಬಿ ಹೋಗಿ ತಿರುಗಿಸಿದರೆ ತೆರೆಯುತ್ತದೆ, ಆದರೆ ಹುಡುಗ ಗಿಡಗಳನ್ನೆಲ್ಲ ಒಡೆಯುತ್ತಾ ತಿರುಗುತ್ತಿದ್ದಾನೆ! ಮೊದಲ ಎರಡು ದಿನ ನನ್ನ ತೊಡೆಯನ್ನು ನಾನೇ ಚಿವುಟಿಕೊಂಡು ಕುಳಿತೆ. ಆಮೇಲೆ ಗಮನಕ್ಕೆ ಬಂತು: ಅವನು ಒಡೆಯುತ್ತಿದ್ದ ಗಿಡಗಳಲ್ಲೇ ನಾನು ವರ್ಷಗಳಿಂದ ಕಾಣದ ನಾಣ್ಯಗಳಿದ್ದವು. ಅಧ್ಯಾಯಕ್ಕೊಂದು ನಾಣ್ಯದ ಪಟ್ಟಿ ತುಂಬಿಸಬೇಕಲ್ಲ, ಅದು ನಾನು ಓಡುತ್ತಿದ್ದಾಗ ಒಮ್ಮೆಯೂ ತುಂಬಿರಲಿಲ್ಲ. ಅವನ ಹಿಂದೆ ನಡೆದಾಗ ತಾನಾಗಿ ತುಂಬತೊಡಗಿತು.

ಅಕ್ಕ ತಮ್ಮನ ಜಗಳಕ್ಕೆ ಕಾರಣ ನಾಣ್ಯದ ಲೆಕ್ಕ. ಪರದೆಯ ಎರಡು ಮೂಲೆಗಳಲ್ಲಿ ಇಬ್ಬರ ಲೆಕ್ಕವೂ ಬೇರೆ ಬೇರೆ ಓಡುತ್ತದೆ. ಬೆಳ್ಳಿಗೆ 10, ಚಿನ್ನಕ್ಕೆ 100, ನೀಲಿಗೆ 1,000. ನೀಲಿ ಕಂಡರೆ ಇಬ್ಬರೂ ಹಾರುತ್ತಿದ್ದರು. ಆಟದ ಕೊನೆಗೆ ಎಲ್ಲವೂ ಒಂದೇ ಗಂಟಿಗೆ ಬೀಳುತ್ತದೆ ಎಂದು ಹತ್ತು ಸಲ ಹೇಳಿದೆ, ಕೇಳಲಿಲ್ಲ. ಕರಿ ಇನ್ಸುಲೇಷನ್ ಟೇಪು ತೆಗೆದು ಮಾನಿಟರಿನ ಎರಡೂ ಮೂಲೆಯ ಅಂಕಿಗಳ ಮೇಲೆ ಅಂಟಿಸಿದೆ. ಐದು ರೂಪಾಯಿಯ ಟೇಪು. ಈ ಇಡೀ ಸಾಹಸದಲ್ಲಿ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಕ್ರಮದ ಬಗ್ಗೆ ಒಂದಿಷ್ಟು. ಮೊದಲ ಸುತ್ತಿನಲ್ಲಿ ಕಥೆ ಮಾತ್ರ, ಯಾವುದನ್ನೂ ಹುಡುಕಿಕೊಂಡು ಹೋಗುವಂತಿಲ್ಲ. ಆಟದಲ್ಲಿ ಒಂದೊಂದು ಸಿನಿಮಾ ಒಂದೊಂದು ಕಂತು. ಮೊದಲ ಕಂತಿನ ಮೊದಲ ಅಧ್ಯಾಯ ಮುಗಿಸಿ ನೇರ ನಾಲ್ಕನೆಯ ಕಂತಿಗೆ ಹಾರಿದೆವು. ಮಕ್ಕಳಿಗೆ ಡಬ್ಬಿ, ಕರಡಿ, ಕರಿಕಂಬಳಿ ಎಲ್ಲರೂ ಅಲ್ಲೇ ಸಿಗುತ್ತಾರೆ, ದಾರಿಯೂ ಹಸನಾಗಿದೆ. ಎರಡನೆಯ ಸುತ್ತಿನಲ್ಲಿ ನಾಣ್ಯವನ್ನು ಹೆಚ್ಚಿಸುವ ಕೆಂಪು ಇಟ್ಟಿಗೆಗಳು. ಇದರಲ್ಲಿ ಬಹಳ ಜನ ತಪ್ಪುತ್ತಾರೆ. ಕೈಗೆ ಕಾಸು ಬಂದ ಕೂಡಲೇ ಪಾತ್ರಗಳನ್ನು ಕೊಳ್ಳುತ್ತಾರೆ. ನಮ್ಮ ಹುಡುಗಿಯೂ ಅದನ್ನೇ ಮಾಡಿದಳು, ಗಂಟಿನಲ್ಲಿದ್ದುದನ್ನೆಲ್ಲ ಕೊಟ್ಟು ಬೇಡದ ಸೈನಿಕರನ್ನು ಕೊಂಡಳು. ಎರಡು ಪಟ್ಟು ಮಾಡುವ ಇಟ್ಟಿಗೆಗೆ ಹನ್ನೆರಡೂವರೆ ಲಕ್ಷ ನಾಣ್ಯ ಬೇಕು. ಅದಕ್ಕಾಗಿ ನಾಲ್ಕು ದಿನ ಹೊಟ್ಟೆ ಕಟ್ಟಿ ಕೂಡಿಟ್ಟೆವು. ಅದು ಕೈಗೆ ಬಂದ ಮೇಲೆ ನಾಲ್ಕು ಪಟ್ಟು, ಆರು, ಎಂಟು. ಕೊನೆಯ ಹತ್ತು ಪಟ್ಟಿಗೆ ಎರಡು ಕೋಟಿ, ಆದರೆ ಆ ಹೊತ್ತಿಗೆ ಎರಡು ಕೋಟಿ ಎಂದರೆ ಒಂದು ಸಂಜೆಯ ಮಾತು. ಇವು ಕೂಡುವುದಿಲ್ಲ, ಗುಣಿಸುತ್ತವೆ. ಐದನ್ನೂ ಹಚ್ಚಿದರೆ ಒಂದು ನಾಣ್ಯಕ್ಕೆ 3,840 ಪಟ್ಟು. ಹುಡುಗಿ ಈ ಗುಣಾಕಾರವನ್ನು ಕ್ಯಾಲೆಂಡರಿನ ಹಿಂದೆ ಬರೆದು ಸರಿ ನೋಡಿದಳು. ಎರಡು ಪಟ್ಟಿನ ಇಟ್ಟಿಗೆ ಯಾವ ಅಧ್ಯಾಯದಲ್ಲಿದೆ ಎಂದು ಕೇಳಬೇಡಿ. ನಾನು ಹುಡುಕಿದ ಹಾಗೆ ನೀವೂ ಹುಡುಕಿಕೊಳ್ಳಿ.

ನನ್ನ ನಿಯಮ ಮುರಿದುಬಿದ್ದ ಜಾಗ ಒಂದಿದೆ. ಮೊದಲ ಕಂತಿನ ಪಾಡ್ ಓಟ, ಅಂದರೆ ಹಾರುವ ಬಂಡಿಗಳ ಪಂದ್ಯ. ಅಲ್ಲಿ ಹಿಂದೆ ನಿಲ್ಲುತ್ತೇನೆ ಎಂದರೆ ನಡೆಯುವುದಿಲ್ಲ, ಓಟ ನಿಮ್ಮನ್ನು ಕಾಯುವುದಿಲ್ಲ. ಹುಡುಗ ಬಂಡೆಗೆ ಗುದ್ದುತ್ತಾನೆ, ನಾನು ಕಾಯುತ್ತೇನೆ, ಮತ್ತೆ ಮೊದಲಿನಿಂದ. ಇಪ್ಪತ್ತು ಸಲಕ್ಕೆ ಕಡಿಮೆಯಿಲ್ಲ. ಹುಡುಗ ಅತ್ತ, ನಾನು ಪ್ಯಾಡನ್ನು ಹಾಸಿಗೆಯ ಮೇಲೆ ಎಸೆದೆ. (ನೆಲದ ಮೇಲಲ್ಲ. 1,100 ರೂಪಾಯಿ ನೆನಪಿತ್ತು.) ಚಹಾ ಅಂಗಡಿಯವರಿಗೆ ಸುದ್ದಿ ಹೋಯಿತು, ಮೆಣಸಿನಕಾಯಿ ಹಚ್ಚಿಡಲು ಹೇಳಲೇ ಎಂದು ಕೇಳಿ ಕಳಿಸಿದರು. ಕೊನೆಗೆ ಅಕ್ಕ ತಮ್ಮ ಇಬ್ಬರನ್ನೇ ಹೂಡಿ ನಾನು ಕೋಣೆಯಿಂದ ಹೊರಗೆ ಹೋದೆ. ಮುಕ್ಕಾಲು ಗಂಟೆಯಲ್ಲಿ ಕೂಗು ಕೇಳಿತು, ಮುಗಿದಿತ್ತು. ಹೇಗೆ ಮಾಡಿದಿರಿ ಎಂದರೆ ‘ಮಾಮಾ, ನೀನು ಇರಲಿಲ್ಲವಲ್ಲ’ ಎಂದಳು ಹುಡುಗಿ. ಇದಕ್ಕೆ ನನ್ನಲ್ಲಿ ವಿವರಣೆ ಇಲ್ಲ.

ಕರೆಂಟಿನ ಕಾಟ ಬೇರೆ. ಒಂದು ಕಂತಿನ ಆರೂ ಅಧ್ಯಾಯಗಳನ್ನು ಒಂದು ಗಂಟೆಯೊಳಗೆ, ಒಂದು ಲಕ್ಷ ನಾಣ್ಯ ಕೂಡಿಸುತ್ತಾ ಒಂದೇ ಉಸಿರಿಗೆ ಮುಗಿಸಬೇಕಾದ ಸವಾಲು ಇದೆಯಲ್ಲ, ಅದರ ಐವತ್ತೆರಡನೆಯ ನಿಮಿಷಕ್ಕೆ ಕರೆಂಟು ಹೋಯಿತು. ಮೇ ತಿಂಗಳ ಮಧ್ಯಾಹ್ನ, ಹೊರಗೆ ನಲವತ್ತರ ಮೇಲೆ ಬಿಸಿಲು. ಅಂಗಡಿಯಿಂದ ತಂದಿದ್ದ ಹಳೆಯ ಯುಪಿಎಸ್ ನಾಲ್ಕು ನಿಮಿಷ ಕಿರುಚಿ ಸತ್ತಿತು. ಮರುದಿನವೇ ಹೊಸ ಬ್ಯಾಟರಿ ಹಾಕಿದೆ, ಒಂಬತ್ತುನೂರು ರೂಪಾಯಿಯ ಆಸುಪಾಸು. ಹಾಕಿದ ಮೇಲೆ ಆ ತಿಂಗಳೆಲ್ಲ ಆಟದ ನಡುವೆ ಒಮ್ಮೆಯೂ ಕರೆಂಟು ಹೋಗಲಿಲ್ಲ. ಹೀಗೆಯೇ ಆಗುತ್ತದೆ.

ನಡುವೆ ಕೆಲವು ಉಪದ್ವ್ಯಾಪಗಳನ್ನೂ ಮಾಡಿದೆ. ರಿಪೇರಿಗೆ ಬಂದಿದ್ದ ಪ್ರೊಜೆಕ್ಟರನ್ನು ಮಾಲೀಕರ ಅನುಮತಿ ಪಡೆದು ಎರಡು ರಾತ್ರಿ ಮಾಳಿಗೆಗೆ ಒಯ್ದು, ಬಿಳಿ ಚಾದರ ಕಟ್ಟಿ ಆಡಿಸಿದೆ. ಒಂದು ಕಡೆ ದೂರದಲ್ಲಿ ಗೋಳಗುಮ್ಮಟದ ಕಪ್ಪು ಗುಡ್ಡೆ, ಇನ್ನೊಂದು ಕಡೆ ಗಾಳಿಗೆ ಉಬ್ಬುವ ಚಾದರದ ಮೇಲೆ ಕಥೆಯ ಗುಂಡನೆಯ ಯುದ್ಧನೆಲೆ ಡೆತ್ ಸ್ಟಾರ್. ನೋಡಲು ಚೆನ್ನಾಗಿತ್ತು, ಆಡಲು ಆಗಲಿಲ್ಲ. ಚಾದರ ಉಬ್ಬಿದಾಗಲೆಲ್ಲ ಸೇತುವೆಯ ಅಂಚು ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ, ಬೆಳಕಿಗೆ ಬಂದ ಹುಳುಗಳನ್ನು ಹುಡುಗ ವೈರಿಗಳೆಂದು ಗುರಿಯಿಟ್ಟು ಹೊಡೆಯುತ್ತಿದ್ದ. ಓಣಿಯ ಹತ್ತಿಪ್ಪತ್ತು ಮಕ್ಕಳು ಮಾತ್ರ ನೋಡಿ ಹೋದರು.

ಅವ್ವನನ್ನು ಕೂರಿಸಿದ್ದು ಇನ್ನೊಂದು ಪ್ರಯೋಗ, ಅದು ಫಲಿಸಿತು. ಅವರಿಗೆ ಸಿ-ತ್ರೀಪಿಓ ಕೊಟ್ಟೆ, ಹಾರಲು ಬಾರದ ಹಳದಿ ಯಂತ್ರಮಾನವ. ಏಟು ಬಿದ್ದರೆ ಅವನ ಕೈ ಕಳಚುತ್ತದೆ, ಕಾಲು ಕಳಚುತ್ತದೆ, ಆದರೂ ಒಂಟಿ ಕಾಲಿನಲ್ಲಿ ಕುಂಟುತ್ತಾ ಬರುತ್ತಾನೆ. ‘ಇವನ ಮೊಣಕಾಲೂ ನನ್ನದರ ಹಾಗೆಯೇ ಇದೆ’ ಎಂದು ಅವ್ವ ಬೇರೆ ಪಾತ್ರ ಮುಟ್ಟಲೇ ಇಲ್ಲ. ಅವರು ನಿಧಾನವಾಗಿ ಬರುವುದರಿಂದ ಹುಡುಗನಿಗೆ ಕಾಯುವುದು ಅನಿವಾರ್ಯವಾಯಿತು. ನಾನು ಹತ್ತು ದಿನ ಬೈದು ಕಲಿಸಲಾಗದ್ದನ್ನು ಅವ್ವ ಎರಡು ಸಂಜೆಯಲ್ಲಿ ಕಲಿಸಿದರು.

2022ರಲ್ಲಿ ಬಂದ ‘ಸ್ಕೈವಾಕರ್ ಸಾಗಾ’ವನ್ನೂ ಗೆಳೆಯನ ಹೊಸ ಯಂತ್ರದಲ್ಲಿ ಒಂದು ದಿನ ಆಡಿ ನೋಡಿದೆವು. ಒಂಬತ್ತು ಸಿನಿಮಾಗಳ ಕಥೆ, ಚಿತ್ರ ಕಣ್ಣು ಕುಕ್ಕುವಂತಿದೆ. ಆದರೆ ಪರದೆ ನಡುವೆ ಸೀಳಿ ಇಬ್ಬರಿಗೂ ಅರ್ಧರ್ಧ. ಅಕ್ಕ ಒಂದು ಕಡೆ ಹೋದಳು, ತಮ್ಮ ಇನ್ನೊಂದು ಕಡೆ ಹೋದ, ಅರ್ಧ ಗಂಟೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಪಾತ್ರಗಳು ಇಂಗ್ಲಿಷಿನಲ್ಲಿ ಮಾತನಾಡಿದವು, ಅವ್ವ ಎದ್ದು ಹೋದರು. ಹಳೆಯ ಗೊಣಗಾಟವನ್ನು ತಂದುಕೊಳ್ಳುವ ಆಯ್ಕೆ ಅದರಲ್ಲೂ ಇದೆ, ಆದರೆ ನೊಗ ಇಲ್ಲ. ಗೆಳೆಯ ಇದನ್ನು ಒಪ್ಪುವುದಿಲ್ಲ. ಸೀಳಿದ ಪರದೆಯೇ ಪ್ರಗತಿ ಎನ್ನುತ್ತಾನೆ. ಅವನಿಗೆ ಮಕ್ಕಳಿಲ್ಲ.

ಮೂರನೆಯ ಸುತ್ತು, ಅಂದರೆ ಯಾವ ಪಾತ್ರವನ್ನಾದರೂ ಹಾಕಿಕೊಂಡು ಅಧ್ಯಾಯಕ್ಕೆ ಹತ್ತರಂತೆ ಅಡಗಿಸಿಟ್ಟ ಪುಟ್ಟ ಭರಣಿಗಳನ್ನು ಹುಡುಕುವುದು, ಬರೀ ಶ್ರಮ. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಕೊನೆಗೆ 99 ಚಿಲ್ಲರೆಯಲ್ಲಿ ನಿಂತಿತು. ಮೂರು ದಿನ ಎಲ್ಲ ಅಧ್ಯಾಯಗಳನ್ನೂ ತಿರುವಿ ಹಾಕಿದೆವು. ಪ್ರತಿ ಅಧ್ಯಾಯಕ್ಕೆ ಮೂರರಂತೆ 108 ಇಟ್ಟಿಗೆ ಸರಿಯಾಗಿದ್ದವು, ಸವಾಲುಗಳದ್ದೂ ಸರಿ. ಶಾಲೆ ಶುರುವಾಗಲು ಐದೇ ದಿನ ಉಳಿದಿತ್ತು. ಆಟದ ಒಳಗಿನ ಪಾನಗೃಹದ ಕಟ್ಟೆಯ ಮುಂದೆ ಹುಡುಗ ಸುಮ್ಮನೆ ನಿಂತು ಸರಕಿನ ಪಟ್ಟಿ ತಿರುವುತ್ತಿದ್ದ. ‘ಮಾಮಾ, ಇಲ್ಲಿ ಚಿನ್ನದ ಇಟ್ಟಿಗೆ ಮಾರಲು ಇಟ್ಟಿದ್ದಾರೆ’ ಎಂದ. ದುಡ್ಡು ಕೊಟ್ಟು ಕೊಳ್ಳುವ ಇಟ್ಟಿಗೆಗಳೂ ಆ 160ರಲ್ಲೇ ಸೇರಿವೆ. ಹದಿನೆಂಟು ವರ್ಷದಿಂದ ಅಂಗಡಿ ನಡೆಸುತ್ತಿರುವವನು ನಾನು, ಅಂಗಡಿಯೊಳಗೆ ನೋಡುವುದು ಹೊಳೆದಿರಲಿಲ್ಲ. ಹುಡುಗನೇ ಕೊಂಡ. ಕೋಟಿಗಟ್ಟಲೆ ಇದ್ದ ಗಂಟಿಗೆ ಅದು ಲೆಕ್ಕಕ್ಕೇ ಬರಲಿಲ್ಲ.

ಪರದೆಯ ಫೋಟೊ ತೆಗೆದು ಚಹಾ ಅಂಗಡಿಗೆ ಒಯ್ದೆ. ಮೂವರಲ್ಲಿ ಇಬ್ಬರು ಒಪ್ಪಿದರು. ಮೂರನೆಯವನು ಮಕ್ಕಳನ್ನೇ ಕರೆಸಿ, ಪಾಡ್ ಓಟದ ಕೊನೆಯ ತಿರುವು ಹೇಗಿದೆ ಎಂದು ಹುಡುಗಿಯನ್ನು ಕೇಳಿದ. ಅವಳು ಮೇಜಿನ ಮೇಲೆ ಚೆಲ್ಲಿದ್ದ ಚಹಾದಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಅವನು ಎದ್ದು ಹೋಗಿ ಹತ್ತು ಪ್ಲೇಟು ಗಿರ್ಮಿಟ್ಟು ಹೇಳಿದ. ಮಿರ್ಚಿಯ ದುಡ್ಡು ಇನ್ನೂ ಬಾಕಿ ಇದೆ.