ಪ್ರಾಗ್‌ಗೆ ಅಮ್ಮನನ್ನೋ ಅಪ್ಪನನ್ನೋ ಕರೆದುಕೊಂಡು ಹೋಗ್ತೀರಾ? ಮಂಡಿ ಉಳಿಸುವ ದಾರಿ ಇಲ್ಲಿದೆ

ಪ್ರಾಗ್ ಕೋಟೆಗೆ ಅವರನ್ನು ಕೆಳಗಿನಿಂದ ನಡೆಸಿ ಹತ್ತಿಸಬೇಡಿ. ಹಳೆ ಊರಿನ ಕಡೆಯಿಂದ ಹೋದರೆ ಏರು, ಮೆಟ್ಟಿಲು ಎರಡೂ ಜಾಸ್ತಿ. ಮೇಲೆ ತಲುಪುವಷ್ಟರಲ್ಲೇ ಹಿರಿಯರು ಸುಸ್ತಾದರೆ ಒಳಗೆ ನೋಡೋದೇನು? 22ನೇ ನಂಬರಿನ ಟ್ರಾಮ್ ಹಿಡಿದು ಪೊಹೊರ್ಜೆಲೆತ್ಸ್ ಸ್ಟಾಪಿನಲ್ಲಿ ಇಳಿಯಿರಿ. ಅದು ಕೋಟೆಗಿಂತ ಎತ್ತರದಲ್ಲಿದೆ. ಅಲ್ಲಿಂದ ಕೋಟೆಯವರೆಗೆ ಇಳಿಜಾರಿನಲ್ಲಿ ನಿಧಾನವಾಗಿ ನಡೆಯಬಹುದು. ಹಳೆಯ ಟ್ರಾಮ್‌ಗಳ ಮೆಟ್ಟಿಲು ಎತ್ತರ. ವೇಳಾಪಟ್ಟಿಯಲ್ಲಿ ವೀಲ್‌ಚೇರ್ ಗುರುತು ಇರೋದು ತಗ್ಗು ನೆಲದ ಗಾಡಿ, ಅದಕ್ಕೇ ಕಾಯಿರಿ. ಕಾಗದದ ಟಿಕೆಟ್ ಆದರೆ ಹತ್ತಿದ ಕೂಡಲೇ ಹಳದಿ ಯಂತ್ರದಲ್ಲಿ ಮುದ್ರೆ ಹಾಕಿಸಿ. ಹಾಕದಿದ್ದರೆ ದಂಡ.

ಕೋಟೆಯ ಸಂತ ವೀಟಸ್ ಚರ್ಚಿನ ಗೋಪುರಕ್ಕೆ ಸುಮಾರು 287 ಮೆಟ್ಟಿಲು. ಬಿಟ್ಟುಬಿಡಿ. ಊರನ್ನು ಮೇಲಿಂದ ನೋಡಲೇಬೇಕಿದ್ದರೆ ಹಳೆ ಊರಿನ ಪುರಭವನದ ಗೋಪುರಕ್ಕೆ ಹೋಗಿ, ಅಲ್ಲಿ ಲಿಫ್ಟ್ ಇದೆ. ಅದೇ ಕಟ್ಟಡದ ಗೋಡೆಯಲ್ಲಿ 1410ರ ಖಗೋಳ ಗಡಿಯಾರವಿದೆ. ಪ್ರತಿ ಗಂಟೆಗೂ ಗೊಂಬೆಗಳು ಬರುತ್ತವೆ. ಒಂದು ನಿಮಿಷವೂ ಇರಲ್ಲ, ಸುಮ್ನೆ ಅರ್ಧ ಗಂಟೆ ಮುಂಚೆ ನಿಲ್ಲಿಸಬೇಡಿ. ಜೇಬುಗಳ್ಳರ ಕಣ್ಣು ಆ ಗುಂಪಿನ ಮೇಲೆಯೇ.

ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಬೇಗ ಹೋಗಿ. ಅರ್ಧ ಕಿಲೋಮೀಟರ್ ಉದ್ದ, ವಾಹನ ಇಲ್ಲ. ಹತ್ತು ಗಂಟೆಯ ನಂತರ ಜನಜಂಗುಳಿ.

ಊರೆಲ್ಲಾ ಕಲ್ಲು ಹಾಸು. ಅಮ್ಮ ಹಟ ಹಿಡಿದರೂ ಚಪ್ಪಲಿ ಬೇಡ, ದಪ್ಪ ತಳದ ಶೂ ಹಾಕಿಸಿ. ಸಾರ್ವಜನಿಕ ಶೌಚಾಲಯಕ್ಕೆ ಹೆಚ್ಚಿನ ಕಡೆ ದುಡ್ಡು ಕೊಡಬೇಕು, ಅಲ್ಲಿನ ಹಣವಾದ ಕೊರುನಾದ ಚಿಲ್ಲರೆ ಕೈಯಲ್ಲಿರಲಿ.