ಕ್ಲೇಮು ಪಟ್ಟಿ ಓದಿ ಮಗಳಿಗೆ ಕಾರು ಆರಿಸಿದ್ದು: ನನ್ನ ಅನುಭವ

"ಕಾರಿನಲ್ಲಿ ನಿನಗೆ ಗೊತ್ತಿರೋದು ಬಣ್ಣ ಒಂದೇ" ಅಂತ ನಮ್ಮ ಮನೆಯವರು ಹತ್ತು ವರ್ಷ ಹೇಳಿಕೊಂಡು ಬಂದರು. ಕಾರು ಕಂಪನಿಯಲ್ಲೇ ಕೆಲಸ ಮಾಡುವ ಭಾವ ಅವರಿಗಿಂತ ಒಂದು ಕೈ ಮೇಲೆ: "ವಿಮೆ ಕ್ಲೇಮಿನ ಅಂಕಿಯಲ್ಲಿ ಕಾಣೋದು ಗ್ಯಾರೇಜಿನವನ ಬಿಲ್ಲು, ಸುರಕ್ಷತೆ ಅಲ್ಲ." ಈಗ ಡೆಟ್ರಾಯಿಟ್ ಸುತ್ತಲಿನ ನಮ್ಮ ಕನ್ನಡ ಬಳಗದಲ್ಲಿ ಯಾರ ಮಕ್ಕಳಿಗೆ ಲೈಸೆನ್ಸ್ ಸಿಕ್ಕರೂ ಮೊದಲ ಫೋನು ನನಗೇ ಬರುತ್ತದೆ. ಭಾವನ ಮಗನ ಕಾರು ಆರಿಸಿದವಳೂ ನಾನೇ. ಇಷ್ಟು ಜಂಬ ಸಾಕು, ವಿಷಯಕ್ಕೆ ಬರುತ್ತೇನೆ: ವಿಮೆ ಕ್ಲೇಮುಗಳ ಪಟ್ಟಿಯನ್ನು ಸರಿಯಾಗಿ ಓದಿದರೆ ಯಾವ ಕಾರು ಒಳಗೆ ಕೂತವರನ್ನು ಕಾಯುತ್ತದೆ ಅಂತ ತಿಳಿಯುತ್ತದೆ ಅನ್ನುವುದು ನನ್ನ ವಾದ.

ಎಚ್‌ಎಲ್‌ಡಿಐ (ಹೈವೇ ಲಾಸ್ ಡೇಟಾ ಇನ್‌ಸ್ಟಿಟ್ಯೂಟ್) ಅನ್ನುವುದು ಅಮೆರಿಕದ ವಿಮಾ ಕಂಪನಿಗಳ ಸಂಸ್ಥೆ. ಯಾವ ಮಾಡೆಲ್ಲಿನ ಕ್ಲೇಮುಗಳಿಗೆ ಎಷ್ಟು ಹಣ ಹೋಯಿತು ಅಂತ ಪಟ್ಟಿ ಹೊರಡಿಸುತ್ತದೆ. ಮಾಡೆಲ್ಲಿಗೊಂದು ಸಾಲು, ಆರು ಕಾಲಂ, 100 ಅಂದರೆ ಸರಾಸರಿ, ಅದಕ್ಕಿಂತ ಕಡಿಮೆ ಇದ್ದಷ್ಟು ಒಳ್ಳೆಯದು. ನಾನು ಎಡವಿದ್ದು ಮೊದಲ ಕಾಲಮ್ಮಿನಲ್ಲೇ. ಅದು ಕೊಲಿಷನ್, ಅಂದರೆ ಡಿಕ್ಕಿಯಾದಾಗ ನಮ್ಮದೇ ಕಾರಿನ ರಿಪೇರಿಯ ಕ್ಲೇಮು. 2016ರಲ್ಲಿ ಈ ಅಂಕಿ ಎಂಬತ್ತರ ಆಸುಪಾಸಿದ್ದ ಒಂದು ಪುಟ್ಟ ಕಾರನ್ನು ಸುಮಾರು 11,000 ಡಾಲರಿಗೆ ಕೊಂಡೆವು. ಅಂಕಿ ಕಡಿಮೆ ಇದೆ, ಅಂದಮೇಲೆ ಭದ್ರ ಅಂದುಕೊಂಡೆ. ಮರುವರ್ಷ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಒಂದು ಪಿಕಪ್ ಬಂದು ಗುದ್ದಿತು. ಕಾರಿನ ರಿಪೇರಿ ಮೂರು ಸಾವಿರ ಚಿಲ್ಲರೆ. ನಮ್ಮ ಮನೆಯವರ ಕುತ್ತಿಗೆ, ಭುಜದ ಚಿಕಿತ್ಸೆಗೆ ಅದರ ಆರು ಪಟ್ಟು. ಆಗ ನಮ್ಮ ಮಿಶಿಗನ್ ರಾಜ್ಯದಲ್ಲಿ ಪಿಐಪಿಗೆ (ತಪ್ಪು ಯಾರದ್ದಾದರೂ ನಮ್ಮವರ ಚಿಕಿತ್ಸೆಗೆ ನಮ್ಮ ವಿಮೆಯೇ ಕೊಡುವ ಹಣ) ಮಿತಿಯೇ ಇರಲಿಲ್ಲವಾದ್ದರಿಂದ ಕೈಯಿಂದ ಹೋದದ್ದು ಕಡಿಮೆ. ಎರಡೂ ಬಿಲ್ಲನ್ನು ಅಡುಗೆಮನೆ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗಲೇ ಬುದ್ಧಿ ಬಂದದ್ದು: ಬಂಪರಿನ ಬಿಲ್ಲು ಒಂದು ಕಾಲಮ್ಮಿಗೆ ಹೋಗುತ್ತದೆ, ಕುತ್ತಿಗೆಯ ಬಿಲ್ಲು ಇನ್ನೊಂದಕ್ಕೆ. ನಾನು ಓದಿದ್ದು ಬಂಪರಿನದ್ದು.

ಎರಡನೇ ತಪ್ಪು ಇನ್ನೂ ನಾಚಿಕೆಗೇಡು. ಬಾಡಿಲಿ ಇಂಜುರಿ ಅನ್ನುವ ಕಾಲಮ್ಮನ್ನು ಆರು ತಿಂಗಳು ಒಳಗೆ ಕೂತವರ ಗಾಯ ಅಂತಲೇ ಓದಿದೆ. ಅದು ನಮ್ಮ ಕಾರು ಎದುರಿನವರಿಗೆ ಮಾಡುವ ಗಾಯದ ಲೆಕ್ಕ. ದೊಡ್ಡ ಪಿಕಪ್ಪುಗಳಲ್ಲಿ ಪಿಐಪಿ ಚೆನ್ನಾಗಿರುತ್ತದೆ, ಇದು ಕೆಟ್ಟಿರುತ್ತದೆ. ಸಣ್ಣ ಕಾರುಗಳಲ್ಲಿ ತಿರುಗುಮುರುಗು. ಆ ಆರು ತಿಂಗಳಲ್ಲಿ ಒಬ್ಬ ಗೆಳತಿಗೆ ಉಲ್ಟಾ ಸಲಹೆ ಕೊಟ್ಟುಬಿಟ್ಟಿದ್ದೆ. ಹೋಳಿಗೆ ಕಟ್ಟಿಕೊಂಡು ಹೋಗಿ ತಪ್ಪೊಪ್ಪಿಕೊಂಡೆ.

ಕಾಂಪ್ರಹೆನ್ಸಿವ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಳವು, ಆಲಿಕಲ್ಲು, ಒಡೆದ ಗಾಜು, ನಮ್ಮ ಕಡೆಯಾದರೆ ಜಿಂಕೆ, ಎಲ್ಲ ಅದರೊಳಗೇ. ಇಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ಸಾಧನ) ಇಲ್ಲದ ಹ್ಯುಂಡೈ, ಕಿಯಾ ಕಾರುಗಳ ಕಳವು ಹೆಚ್ಚಿದಾಗ ಅವುಗಳ ಈ ಅಂಕಿ ಏರಿತು. ಹಾಗಂತ ಸೀಟ್ ಬೆಲ್ಟ್ ಸಡಿಲವಾಯಿತೇ?

ಉಳಿದದ್ದು ದೊಡ್ಡ ತಲೆನೋವು: ಅಂಕಿ ಕಾರಿನದ್ದೋ, ಓಡಿಸುವವನದ್ದೋ? ವಯಸ್ಸು, ಡಿಡಕ್ಟಬಲ್ (ಕ್ಲೇಮಿನಲ್ಲಿ ನಾವೇ ಕೈಯಿಂದ ಕೊಡುವ ಪಾಲು) ಇತ್ಯಾದಿಗಳ ಪ್ರಭಾವವನ್ನು ಸಂಸ್ಥೆಯವರು ಸರಿದೂಗಿಸುತ್ತಾರೆ ನಿಜ, ಆದರೂ ತಳದಲ್ಲಿ ಗಸಿ ಉಳಿದೇ ಉಳಿಯುತ್ತದೆ. ಆ ಗಸಿ ಎಷ್ಟು ಅಂತ ಅಳೆಯಲು ನಾನು ಹಿಡಿದದ್ದು ಅವಳಿಗಳನ್ನು. ಹಳೆಯ ಪಟ್ಟಿಗಳಲ್ಲಿ ಸಿವಿಕ್ ಎರಡು ಬಾಗಿಲಿನದ್ದು, ನಾಲ್ಕು ಬಾಗಿಲಿನದ್ದು ಬೇರೆ ಬೇರೆ ಸಾಲು. ಒಂದೇ ತಳಪಾಯ, ಆದರೆ ಕೂಪೆ ಕೊಳ್ಳುವ ಹುಡುಗನೇ ಬೇರೆ, ಸೆಡಾನ್ ಕೊಳ್ಳುವ ಅಪ್ಪನೇ ಬೇರೆ. ಟೊಯೋಟಾ 86, ಸುಬಾರು ಬಿಆರ್‌ಜೆಡ್ ಇನ್ನೊಂದು ಜೋಡಿ, ಎರಡೂ ಜಪಾನಿನ ಗುನ್ಮಾದ ಒಂದೇ ಕಾರ್ಖಾನೆಯವು. ಇಂಥ ಜೋಡಿಗಳ ನಡುವಿನ ಅಂತರ ಎಷ್ಟೋ, ಅಷ್ಟು ಅಂಕ ಮಾಲೀಕರದ್ದು. ನನ್ನ ಲೆಕ್ಕದಲ್ಲಿ ಅದು ಹನ್ನೆರಡು ಹದಿನೈದರ ಹತ್ತಿರ ನಿಂತಿತು. ಅದಕ್ಕಿಂತ ಕಡಿಮೆ ವ್ಯತ್ಯಾಸ ಇದ್ದರೆ ಎರಡು ಕಾರೂ ಸಮ ಅಂತಲೇ ಬಿಡುತ್ತೇನೆ.

ಅವಳಿ ಹುಡುಕುವಾಗಲೇ ಹೈಬ್ರಿಡ್ ಕಣ್ಣಿಗೆ ಬಿದ್ದದ್ದು. ಒಂದೇ ಮಾಡೆಲ್ಲಿನ ಪೆಟ್ರೋಲ್ ಮತ್ತು ಹೈಬ್ರಿಡ್ ಕಾರುಗಳನ್ನು 2011ರಲ್ಲಿ ಅದೇ ಎಚ್‌ಎಲ್‌ಡಿಐ ಹೋಲಿಸಿ ನೋಡಿತ್ತು. ಹೈಬ್ರಿಡ್ಡಿನಲ್ಲಿ ಕೂತವರಿಗೆ ಗಾಯವಾಗುವ ಸಂಭವ ಸುಮಾರು ಶೇ. 25 ಕಡಿಮೆ. ಮುಖ್ಯ ಕಾರಣ ಬ್ಯಾಟರಿಯ ತೂಕ. ಸದ್ದಿಲ್ಲದೆ ಬರುವುದರಿಂದ ನಡೆದುಹೋಗುವವರಿಗೆ ಮಾತ್ರ ಅಪಾಯ ಜಾಸ್ತಿ. ಅಲ್ಲಿಂದ ಮುಂದೆ ನನ್ನ ಕ್ರಮ ಗಟ್ಟಿಯಾಯಿತು: ಒಂದೇ ತೂಕದ ಗುಂಪಿನೊಳಗೆ ಮಾತ್ರ ಹೋಲಿಕೆ, ಪಿಐಪಿ ಮತ್ತು ಮೆಡ್‌ಪೇ ಎರಡೂ ಒಪ್ಪಿದರೆ ಮಾತ್ರ ನಂಬಿಕೆ. ಎರಡೂ ಒಳಗೆ ಕೂತವರ ಚಿಕಿತ್ಸೆಯ ಲೆಕ್ಕವೇ. ಪಿಐಪಿ ನೋ-ಫಾಲ್ಟ್ ರಾಜ್ಯಗಳಿಂದ, ಅಂದರೆ ತಪ್ಪು ಯಾರದ್ದಾದರೂ ಅವರವರ ವಿಮೆಯೇ ಚಿಕಿತ್ಸೆಗೆ ಕೊಡುವ ಕಡೆಗಳಿಂದ ಬರುತ್ತದೆ, ಮೆಡ್‌ಪೇ ಉಳಿದ ರಾಜ್ಯಗಳಿಂದ. ಪರಸ್ಪರ ಮುಖ ನೋಡದ ಇಬ್ಬರು ಸಾಕ್ಷಿಗಳಿದ್ದ ಹಾಗೆ. ಇವೆರಡನ್ನು ತೂಕದ ಜೊತೆ ಸೇರಿಸಿ ಒಂದು ಅಂಕಿ ಮಾಡಿಕೊಳ್ಳುತ್ತೇನೆ. ಆ ಸೂತ್ರ ಭಾವನಿಗೂ ಕೊಟ್ಟಿಲ್ಲ, ಇಲ್ಲೂ ಬರೆಯುವುದಿಲ್ಲ. ಪಟ್ಟಿಯಲ್ಲಿ ಅಂಕಿ ಇಲ್ಲದೆ ಖಾಲಿ ಬಿಟ್ಟ ಚೌಕಗಳನ್ನು ಏನು ಮಾಡುತ್ತೇನೆ ಅನ್ನುವುದೂ ನನ್ನಲ್ಲೇ ಇರಲಿ.

ನಡುವೆ ದಾರಿ ತಪ್ಪಿದ್ದೂ ಉಂಟು. ವೋಲ್ವೊ ಎಕ್ಸ್‌ಸಿ60ರಲ್ಲಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಬಂದಾಗ ಇತರರ ಆಸ್ತಿಹಾನಿಯ ಕ್ಲೇಮು ಅದೇ ಬಗೆಯ ಬೇರೆ ಕಾರುಗಳಿಗಿಂತ ಶೇ. 27 ಕಡಿಮೆ ಇತ್ತು. ಹಾಗಾದರೆ ಕೊಲಿಷನ್ನೂ ಎಲ್ಲ ಕಾರುಗಳಲ್ಲಿ ಅಷ್ಟೇ ಇಳಿಯಬೇಕಲ್ಲ ಅಂತ ಒಂದು ಚಳಿಗಾಲವಿಡೀ ಪಟ್ಟಿ ಕೆದಕಿದೆ. ಏನೂ ಹೊಂದಲಿಲ್ಲ. ಕಾರಣ ಹೇಳಿಕೊಟ್ಟದ್ದು ಪಕ್ಕದ ಮನೆಯವರ ಮುಂದಿನ ಗಾಜು. ಗಾಜಿಗಿಂತ ಕ್ಯಾಮೆರಾ ಹೊಂದಿಸುವ ಖರ್ಚೇ ಜಾಸ್ತಿಯಾಗಿತ್ತು. ಅಪಘಾತ ಇಳಿದರೂ ಒಂದೊಂದು ಬಿಲ್ಲು ಏರಿರುತ್ತದೆ.

ಹಾಸನದಲ್ಲಿರುವ ತಮ್ಮನಿಗೂ ಹೀಗೆ ಕಾರು ಆರಿಸಿಕೊಡಲು ಹೋಗಿ ಕೈಚೆಲ್ಲಿದೆ. ಅಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿಯಾಗುವುದೇ ಎಂಜಿನ್ ಸಿಸಿ ಮೇಲೆ, 1000ದ ಒಳಗೆ, 1500ರ ಒಳಗೆ, ಅದರಾಚೆ ಅಂತ. ಅದರಿಂದ ಮಾಡೆಲ್ಲಿನ ಗುಣ ಹೇಗೆ ತಿಳಿಯಬೇಕು? ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯ ನಕ್ಷತ್ರ ನೋಡಿ ತಗೋ ಅಂದೆ.

ಪರೀಕ್ಷೆಯಾಗದೆ ಭಾವ ಒಪ್ಪುವ ಆಸಾಮಿಯಲ್ಲ. ಹೊಸ ಪಟ್ಟಿ ಬರುವ ಮೊದಲೇ ಒಂಬತ್ತು ಮಾಡೆಲ್ ಬರೆದು, ಯಾವುದು ಗುಂಪಿನಲ್ಲಿ ಮೇಲಿರುತ್ತದೆ, ಯಾವುದು ಕೆಳಗೆ ಅಂತ ಕ್ಯಾಲೆಂಡರಿನ ಹಿಂದೆ ಗುರುತು ಹಾಕಿ ಅವನ ಸಹಿ ಹಾಕಿಸಿಕೊಂಡೆ. ಏಳು ಸರಿಹೋದವು. ತಪ್ಪಿದ ಎರಡರಲ್ಲಿ ಒಂದು ಆ ವರ್ಷ ಪೂರ್ತಿ ಹೊಸ ವಿನ್ಯಾಸಕ್ಕೆ ಬದಲಾಗಿತ್ತು, ಅದನ್ನು ನಾನು ನೋಡಿಕೊಳ್ಳಬೇಕಿತ್ತು. ಇನ್ನೊಂದಕ್ಕೆ ಕಾರಣ ಸಿಕ್ಕಿಲ್ಲ.

2021ರಲ್ಲಿ ಮಗಳಿಗೆ ಹಳೆಯ ಕ್ಯಾಮ್ರಿ ಹೈಬ್ರಿಡ್ ಕೊಂಡೆವು, ಹತ್ತೊಂಬತ್ತೂವರೆ ಸಾವಿರದ ಹತ್ತಿರ. ಸರ್ಕಾರ ಹೊರಡಿಸುತ್ತಿದ್ದ ಕೊಲಿಷನ್ ಹೋಲಿಕೆಯ ಕಿರುಹೊತ್ತಗೆಯನ್ನು ಡೀಲರುಗಳು ಕೇಳಿದವರಿಗೆ ಒದಗಿಸಬೇಕು ಅನ್ನುವ ನಿಯಮ ಆಗ ಇತ್ತು. ಸುಮ್ಮನೆ ಕೆಣಕೋಣ ಅಂತ ಒಬ್ಬ ಡೀಲರನ ಹತ್ತಿರ ಕೇಳಿದೆ. ಆ ಹುಡುಗ ನೆಲಹಾಸಿನ ಕ್ಯಾಟಲಾಗ್ ತಂದುಕೊಟ್ಟ. ಮರುವರ್ಷ ಮಿಶಿಗನ್ನಿನ ವಿಮಾ ನಿಧಿಯಿಂದ ಕಾರಿಗೆ 400 ಡಾಲರ್ ವಾಪಸು ಬಂತಲ್ಲ, ಅದು ಹಿಮದ ಟೈರಿಗೆ ಹೋಯಿತು.

ಆ ಟೈರಿದ್ದೂ ಮೊನ್ನೆ ಜನವರಿಯಲ್ಲಿ ಮಗಳು ಮಂಜಿನ ಮೇಲೆ ಜಾರಿ ತಡೆಬೇಲಿಗೆ ಹೊಡೆದಳು. ಏರ್‌ಬ್ಯಾಗ್ ಬಿಚ್ಚಿತ್ತು. ಕಾರಿನ ಬಿಲ್ಲು ಏಳು ಸಾವಿರದ ಆಸುಪಾಸು, ನಮ್ಮ ಡಿಡಕ್ಟಬಲ್ ಸಾವಿರ. "ನೋಡು, ನಿನ್ನ ಕಾರೂ ಕ್ಲೇಮಿಗೆ ಬಂತು" ಅಂದ ಭಾವ. ಬಂತು, ಕೊಲಿಷನ್ ಕಾಲಮ್ಮಿಗೆ. ಪಿಐಪಿ ಕಾಲಮ್ಮಿಗೆ ನಮ್ಮ ಮನೆಯಿಂದ ಏನೂ ಹೋಗಲಿಲ್ಲ.