ಹೊಸ ವಿಂಡೋಸ್ ಪರದೆ ಹಿಡಿಸಲಿಲ್ಲವೇ? ಹೀಗೆ ಮಾಡಿ ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೆಳಗಾವಿಯ ಡಿಟಿಪಿ ಅಂಗಡಿ, ಝೆರಾಕ್ಸ್ ಅಂಗಡಿ, ಪತ್ತಿನ ಸಂಘಗಳ ಕಂಪ್ಯೂಟರುಗಳಿಗೆ ಈಗ ಒಂದೊಂದಾಗಿ ವಿಂಡೋಸ್ 11 ಬರುತ್ತಿದೆ. ಜೊತೆಗೆ ಈ ಮಾತೂ ಕೇಳಿಬರುತ್ತಿದೆ: ‘ಎಲ್ಲಾ ಬದಲ್ ಮಾಡಿಟ್ಟಾರ್ರಿ, ಏನೂ ಕೈಗೆ ಸಿಗವಲ್ದು.’

ಈ ಮಾತಿನಲ್ಲಿ ನ್ಯಾಯವಿದೆ. ದಿನವಿಡೀ ಅದೇ ಪರದೆಯ ಮುಂದೆ ಕೂರುವವರಿಗೆ ಒಂದು ಗುಂಡಿಯ ಜಾಗ ಬದಲಾದರೂ ಕೆಲಸ ನಿಧಾನವಾಗುತ್ತದೆ. ಆದರೆ ಬೈದು ಸುಮ್ಮನಾದರೆ ಏನೂ ಸರಿಹೋಗುವುದಿಲ್ಲ. ‘ಬಂದದ್ದು ಬಂತು, ಹೊಂದಿಕೊಂಡು ಹೋಗೋಣ’ ಅಂತ ಬಿಟ್ಟುಬಿಡುವುದೂ ಬೇಡ. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಸ್ಟಾರ್ಟ್ ಗುಂಡಿಯೇ ಇರಲಿಲ್ಲ. ಜನ ಜೋರಾಗಿಯೇ ಆಕ್ಷೇಪ ಎತ್ತಿದರು. 2013ರ 8.1ರಲ್ಲಿ ಗುಂಡಿ ವಾಪಸ್ ಬಂತು, 2015ರ ವಿಂಡೋಸ್ 10ರಲ್ಲಿ ಮೆನುವೂ ಬಂತು. ವಿಂಡೋಸ್ 11ರ ಕಥೆಯೂ ಹಾಗೇ. 2021ರಲ್ಲಿ ಅದು ಬಂದಾಗ ಫೈಲನ್ನು ಎಳೆದು ಟಾಸ್ಕ್‌ಬಾರಿನ (ಪರದೆಯ ಕೆಳತುದಿಯ ಪಟ್ಟಿಯ) ಐಕಾನ್ ಮೇಲೆ ತರುವ ಅನುಕೂಲ ಇರಲಿಲ್ಲ. ಮರುವರ್ಷ ಅದನ್ನು ಮತ್ತೆ ಸೇರಿಸಿದರು. ಬಳಸುವವರ ಮಾತಿಗೆ ಬೆಲೆ ಇದೆ. ಹೇಳುವ ರೀತಿಯಲ್ಲಿ ಹೇಳಬೇಕು, ಅಷ್ಟೇ.

ಮೊದಲ ವಾರ: ಬರೆದಿಡಿ

ಕೀಬೋರ್ಡಿನ ಪಕ್ಕ ಒಂದು ಹಾಳೆ ಇಟ್ಟುಕೊಳ್ಳಿ. ಎಲ್ಲಿ ಕೈ ತಡೆಯಿತೋ ಅಲ್ಲೇ ಗುರುತು ಮಾಡಿ. ‘ಚೆನ್ನಾಗಿಲ್ಲ’ ಅಂತ ಬರೆದರೆ ಉಪಯೋಗವಿಲ್ಲ. ಏನು ಮಾಡಲು ಹೊರಟಿದ್ದಿರಿ, ಎಲ್ಲಿ ಒತ್ತಿದಿರಿ, ಏನಾಯಿತು ಅಂತ ಬರೆಯಿರಿ. ವಾರ ಕಳೆಯುವಷ್ಟರಲ್ಲಿ ಹಲವು ಗುರುತುಗಳು ತಾವಾಗಿಯೇ ನಿಂತುಹೋಗಿರುತ್ತವೆ, ಏಕೆಂದರೆ ಅವು ಬರೀ ಅಭ್ಯಾಸದ ತೊಂದರೆ. ವಾರದ ಕೊನೆಗೂ ದಿನಾ ಬೀಳುತ್ತಿರುವ ಗುರುತುಗಳೇ ನಿಜವಾದ ದೂರುಗಳು.

ಒಂದು ವಾರ ಅಂದದ್ದಕ್ಕೆ ಕಾರಣವಿದೆ. ಹಳೇ ಕಂಪ್ಯೂಟರಿನಲ್ಲೇ ವಿಂಡೋಸ್ 10ರಿಂದ 11ಕ್ಕೆ ಏರಿದ್ದರೆ, ಸಾಮಾನ್ಯವಾಗಿ 10 ದಿನದೊಳಗೆ ವಾಪಸ್ ಹೋಗಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಲ್ಲಿ ‘ಗೋ ಬ್ಯಾಕ್’. ಆದರೆ ವಿಂಡೋಸ್ 10ಕ್ಕೆ ಬೆಂಬಲ ಮುಗಿದಿರುವುದರಿಂದ, ಹಾಗೆ ಹೋದರೆ ಮೈಕ್ರೋಸಾಫ್ಟಿನ ಹೆಚ್ಚುವರಿ ಸುರಕ್ಷಾ ಅಪ್‌ಡೇಟ್ (ಇಎಸ್‌ಯು) ಯೋಜನೆಗೆ ನೋಂದಾಯಿಸಿಕೊಳ್ಳಲೇಬೇಕು. ಪರದೆಯ ಚೆಂದಕ್ಕಾಗಿ ಗಿರಾಕಿಗಳ ಕಾಗದಪತ್ರ ಇರುವ ಕಂಪ್ಯೂಟರನ್ನು ಕಾವಲಿಲ್ಲದೆ ಬಿಡಬೇಡಿ.

ಸ್ಟಾರ್ಟ್ ಗುಂಡಿಯನ್ನು ಮೂಲೆಗೆ ತನ್ನಿ

ಅತಿ ಜಾಸ್ತಿ ಕೇಳುವ ದೂರು ಇದೇ. ಗುಂಡಿ ಎಡಮೂಲೆ ಬಿಟ್ಟು ನಡುವಿಗೆ ಬಂದಿದೆ. ಇದು ಹಠದ ಮಾತಲ್ಲ. 1954ರಲ್ಲಿ ಪಾಲ್ ಫಿಟ್ಸ್ ಎಂಬ ಮನೋವಿಜ್ಞಾನಿ ಒಂದು ನಿಯಮ ಕೊಟ್ಟರು. ಗುರಿ ದೊಡ್ಡದಾಗಿ, ಹತ್ತಿರದಲ್ಲಿ ಇದ್ದಷ್ಟೂ ಕೈ ಬೇಗ ಮುಟ್ಟುತ್ತದೆ. ಪರದೆಯ ಮೂಲೆಯಲ್ಲಿ ಮೌಸ್ ತಾನೇ ನಿಲ್ಲುತ್ತದೆ, ಅದರಾಚೆ ಹೋಗುವುದಿಲ್ಲ. ಹಾಗಾಗಿ ನೋಡದೆಯೇ ಜೋರಾಗಿ ತಳ್ಳಿದರೂ ಗುರಿ ತಪ್ಪುವುದಿಲ್ಲ. ನಡುವೆ ಇಟ್ಟರೆ ಪ್ರತಿ ಸಲ ನೋಡಿ, ಗುರಿ ಹಿಡಿದು, ನಿಲ್ಲಿಸಬೇಕು.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ನಡುವಿನ ಐಕಾನುಗಳು ಒಂದು ಗುಂಪು. ನೀವು ಹೊಸ ಪ್ರೋಗ್ರಾಂ ತೆರೆದರೆ ಗುಂಪು ಅಗಲವಾಗುತ್ತದೆ, ಸ್ಟಾರ್ಟ್ ಗುಂಡಿ ಸ್ವಲ್ಪ ಎಡಕ್ಕೆ ಸರಿಯುತ್ತದೆ. ಮುಚ್ಚಿದರೆ ಬಲಕ್ಕೆ ಬರುತ್ತದೆ. ದಿನಕ್ಕೆ ಹತ್ತಾರು ಬಾರಿ ಒತ್ತುವ ಗುಂಡಿ ಒಂದೇ ಕಡೆ ನಿಲ್ಲದಿದ್ದರೆ ಕೈಗೆ ಅದು ಹೇಗೆ ರೂಢಿಯಾಗಬೇಕು? ನನ್ನ ಪ್ರಕಾರ ಇದು ವಿನ್ಯಾಸದ ತಪ್ಪೇ.

ಪರಿಹಾರ ಸುಲಭ. ಟಾಸ್ಕ್‌ಬಾರಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ. ‘ಟಾಸ್ಕ್‌ಬಾರ್ ಸೆಟ್ಟಿಂಗ್ಸ್’ ಒತ್ತಿ. ಕೆಳಗೆ ‘ಟಾಸ್ಕ್‌ಬಾರ್ ಬಿಹೇವಿಯರ್ಸ್’ ತೆರೆದು, ‘ಟಾಸ್ಕ್‌ಬಾರ್ ಅಲೈನ್‌ಮೆಂಟ್’ ಎದುರು ‘ಲೆಫ್ಟ್’ ಆರಿಸಿ. ಅಲ್ಲೇ ಇನ್ನೊಂದು ಕೆಲಸ ಮುಗಿಸಿ. ಟಾಸ್ಕ್‌ಬಾರ್ ಬಟನ್ನುಗಳನ್ನು ‘ಕಂಬೈನ್’ ಮಾಡುವ ಆಯ್ಕೆಗೆ ‘ನೆವರ್’ ಕೊಡಿ. ಆಗ ತೆರೆದ ಫೈಲುಗಳೆಲ್ಲ ಹೆಸರಿನ ಸಮೇತ ಬೇರೆಬೇರೆಯಾಗಿ ಕಾಣುತ್ತವೆ. ಒಂದೇ ಹೊತ್ತಿಗೆ ನಾಲ್ಕು ಮದುವೆ ಪತ್ರಿಕೆ ತೆರೆದಿಟ್ಟುಕೊಳ್ಳುವವರಿಗೆ ಇದು ಬೇಕೇ ಬೇಕು. ಇದೂ ಮೊದಲು ಇರಲಿಲ್ಲ. ಜನ ಕೇಳಿದ ಮೇಲೆ 2023ರಲ್ಲಿ ಕೊಟ್ಟದ್ದು. ಹವಾಮಾನ, ಸುದ್ದಿ ತೋರಿಸುವ ‘ವಿಜೆಟ್ಸ್’ ಬೇಡವಾದರೆ ಅದರ ಸ್ವಿಚ್ ಕೂಡ ಅದೇ ಪುಟದಲ್ಲಿದೆ.

ರೈಟ್ ಕ್ಲಿಕ್ ಮೆನು

ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಈಗ ಚಿಕ್ಕ ಮೆನು ಬರುತ್ತದೆ. ಕಟ್, ಕಾಪಿ, ರೀನೇಮ್ ಎಲ್ಲ ಐಕಾನುಗಳಾಗಿವೆ. ಹಳೇ ಉದ್ದನೆಯ ಮೆನು ‘ಶೋ ಮೋರ್ ಆಪ್ಷನ್ಸ್’ ಹಿಂದೆ ಕೂತಿದೆ. ಶಿಫ್ಟ್ ಒತ್ತಿ ಹಿಡಿದು ರೈಟ್ ಕ್ಲಿಕ್ ಮಾಡಿದರೆ ನೇರವಾಗಿ ಹಳೇ ಮೆನುವೇ ಬರುತ್ತದೆ. ಕಾಪಿಗೆ ಕಂಟ್ರೋಲ್ ಸಿ, ಹೆಸರು ಬದಲಿಸಲು ಎಫ್2 ರೂಢಿಯಿದ್ದರೆ ಈ ಮೆನುವಿನ ಸಹವಾಸವೇ ಬೇಡ.

ಅಕ್ಷರ ಸಣ್ಣದೆನಿಸಿದರೆ ಸೆಟ್ಟಿಂಗ್ಸ್‌ನ ‘ಅಕ್ಸೆಸಿಬಿಲಿಟಿ’ಯಲ್ಲಿ ‘ಟೆಕ್ಸ್ಟ್ ಸೈಜ್’ ಹೆಚ್ಚಿಸಿ. ಹಳೇ ಯಂತ್ರದಲ್ಲಿ ಕಿಟಕಿಗಳು ತಡವರಿಸಿ ತೆರೆಯುತ್ತಿದ್ದರೆ ಅಲ್ಲೇ ‘ವಿಶುವಲ್ ಎಫೆಕ್ಟ್ಸ್’ನಲ್ಲಿ ಪಾರದರ್ಶಕತೆ, ಅನಿಮೇಶನ್ ಎರಡನ್ನೂ ಆಫ್ ಮಾಡಿ.

ಕನ್ನಡ, ಮರಾಠಿ, ಇಂಗ್ಲಿಷ್

ನಮ್ಮ ಕಡೆಯ ಅಂಗಡಿಗಳಿಗೆ ಇದು ಮುಖ್ಯ. ಬೆಳಗಾವಿಯಲ್ಲಿ ಒಬ್ಬ ಗಿರಾಕಿಗೆ ಕನ್ನಡದಲ್ಲಿ ಅರ್ಜಿ, ಇನ್ನೊಬ್ಬರಿಗೆ ಮರಾಠಿಯಲ್ಲಿ ವಾಸ್ತುಶಾಂತಿ ಪತ್ರಿಕೆ, ಮೂರನೆಯವರಿಗೆ ಇಂಗ್ಲಿಷಿನಲ್ಲಿ ಬಿಲ್ಲು.

ಸೆಟ್ಟಿಂಗ್ಸ್‌ನ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ಗೆ ಹೋಗಿ, ‘ಲ್ಯಾಂಗ್ವೇಜ್ ಆ್ಯಂಡ್ ರೀಜನ್’ನಲ್ಲಿ ಕನ್ನಡ, ಮರಾಠಿ ಸೇರಿಸಿ. ಕನ್ನಡದ ಎದುರಿನ ಮೂರು ಚುಕ್ಕೆ ಒತ್ತಿ ‘ಲ್ಯಾಂಗ್ವೇಜ್ ಆಪ್ಷನ್ಸ್’ ತೆರೆದರೆ ಕೀಬೋರ್ಡ್ ಸೇರಿಸಬಹುದು. ಭಾರತೀಯ ಭಾಷೆಗಳಿಗೆಂದೇ ಮಾಡಿದ ಇನ್‌ಸ್ಕ್ರಿಪ್ಟ್ ಕೀಲಿ ಜೋಡಣೆ ಗೊತ್ತಿದ್ದವರಿಗೆ ಅದೇ ಇದೆ, ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಕನ್ನಡ ಮೂಡಿಸುವವರಿಗೆ ‘ಫೋನೆಟಿಕ್’ ಇದೆ. ಭಾಷೆ ಬದಲಿಸಲು ವಿಂಡೋಸ್ ಕೀ ಜೊತೆ ಸ್ಪೇಸ್‌ಬಾರ್.

ಮೂರು ಭಾಷೆ ಇದ್ದಾಗ ಈಗ ಯಾವುದರಲ್ಲಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಅದನ್ನು ಹೇಳುವ ಗುರುತು ಮೂಲೆಯಲ್ಲಿ ತೀರಾ ಚಿಕ್ಕದು. ಇದಕ್ಕೊಂದು ಒಳ್ಳೆಯ ದಾರಿ ಇದೆ, ಆದರೆ ಬಹಳ ಜನರ ಕಣ್ಣಿಗೆ ಬಿದ್ದಿಲ್ಲ. ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ನಲ್ಲಿ ‘ಟೈಪಿಂಗ್’, ಅದರೊಳಗೆ ‘ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್’. ಅಲ್ಲಿ ಪ್ರತಿ ಆ್ಯಪ್ ಕಿಟಕಿಗೆ ಬೇರೆ ಇನ್‌ಪುಟ್ ವಿಧಾನ ಇಟ್ಟುಕೊಳ್ಳುವ ಆಯ್ಕೆಗೆ ಟಿಕ್ ಹಾಕಿ. ಆಮೇಲೆ ಪತ್ರಿಕೆಯ ಕಿಟಕಿ ಮರಾಠಿಯಲ್ಲೇ, ಅರ್ಜಿಯ ಕಿಟಕಿ ಕನ್ನಡದಲ್ಲೇ ಇರುತ್ತದೆ.

‘ಹೊಸ ವಿಂಡೋಸ್ ನನ್ನ ಹಳೇ ಕನ್ನಡ ಫೈಲುಗಳನ್ನು ಕೆಡಿಸಿತು’ ಎಂಬ ದೂರೂ ಇದೆ. ಬಹುತೇಕ ಅದು ವಿಂಡೋಸ್ ತಪ್ಪಲ್ಲ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಅಕ್ಷರ ಸಂಕೇತ ಕೊಡುವ ಯುನಿಕೋಡ್‌ಗಿಂತ ಮುಂಚಿನ ‘ನುಡಿ’ ತಂತ್ರಾಂಶದ ಫಾಂಟುಗಳಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಫಾಂಟ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಒತ್ತಿ, ಫೈಲನ್ನು ಮತ್ತೆ ತೆರೆಯಿರಿ.

ಉಳಿದದ್ದನ್ನು ಬರೆದು ಕಳಿಸಿ

ಇಷ್ಟಾದ ಮೇಲೂ ಹಾಳೆಯಲ್ಲಿ ಉಳಿದ ಗುರುತುಗಳನ್ನು ಕಂಪನಿಗೆ ತಲುಪಿಸಬೇಕು. ವಿಂಡೋಸ್ ಕೀ ಜೊತೆ ಎಫ್ ಒತ್ತಿದರೆ ‘ಫೀಡ್‌ಬ್ಯಾಕ್ ಹಬ್’ ತೆರೆಯುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ. ಮೊದಲು ಹುಡುಕಿ. ಅದೇ ದೂರನ್ನು ಬೇರೆಯವರು ಆಗಲೇ ಬರೆದಿದ್ದರೆ ಅದಕ್ಕೇ ಮತ ಹಾಕಿ. ಒಂದೇ ಕಡೆ ಮತ ಸೇರಿದರೆ ಬಲ ಜಾಸ್ತಿ.

ಹೊಸದಾಗಿ ಬರೆಯುವುದಾದರೆ ಒಂದು ಬರಹಕ್ಕೆ ಒಂದೇ ವಿಷಯ. ‘ಭಾಷೆಯ ಗುರುತು ಸರಿಯಿಲ್ಲ’ ಅಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ‘ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಕೀಬೋರ್ಡ್ ಬಳಸುತ್ತೇನೆ. ಭಾಷೆ ಬದಲಿಸಿದ ಮೇಲೆ ಗುರುತು ಮೂಲೆಯಲ್ಲಿ ಮಾತ್ರ ಕಾಣುತ್ತದೆ. ನನ್ನ ಕಣ್ಣು ಟೈಪ್ ಮಾಡುವ ಜಾಗದಲ್ಲಿರುತ್ತದೆ. ತಪ್ಪು ಲಿಪಿಯಲ್ಲಿ ಒಂದು ಸಾಲು ಟೈಪ್ ಆದ ಮೇಲೆ ಗೊತ್ತಾಗುತ್ತದೆ. ಕರ್ಸರ್ ಪಕ್ಕದಲ್ಲೇ ಭಾಷೆ ತೋರಿಸಿ.’ ಜೊತೆಗೆ ಸ್ಕ್ರೀನ್‌ಶಾಟ್ ಸೇರಿಸಿ. ಅದರಲ್ಲಿ ಗಿರಾಕಿಯ ಆಧಾರ್ ಸಂಖ್ಯೆ, ಫೋನ್ ನಂಬರ್ ಕಾಣದಂತೆ ನೋಡಿಕೊಳ್ಳಿ.

ಸ್ಟಾರ್ಟ್ ಗುಂಡಿಯ ಬಗ್ಗೆ ಇಡೀ ಲೋಕವೇ ಬರೆಯುತ್ತದೆ. ಪರದೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗ ಎಲ್ಲಿ ಇಂಗ್ಲಿಷ್ ಹಾಗೇ ಉಳಿದಿದೆ, ಯಾವ ಮೆನುವಿನಲ್ಲಿ ಒತ್ತಕ್ಷರದ ಬುಡ ಕತ್ತರಿಸಿದೆ, ಯಾವ ಅನುವಾದ ಅರ್ಥವಾಗುವುದಿಲ್ಲ ಎಂಬುದನ್ನು ನಾವಲ್ಲದೆ ಬೇರೆ ಯಾರೂ ಬರೆಯುವುದಿಲ್ಲ. ಬರೆದ ಮೇಲೆ ‘ಶೇರ್’ ಒತ್ತಿ ಅದರ ಲಿಂಕನ್ನು ಊರಿನ ಡಿಟಿಪಿಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಮತ ಹಾಕಲು ಕೇಳಿ. ವಿಜಯಪುರ, ಬಾಗಲಕೋಟೆಯಲ್ಲಿ ಇದೇ ಕೆಲಸ ಮಾಡುವ ಪರಿಚಯದವರಿದ್ದರೆ ಅವರಿಗೂ ಕಳಿಸಿ.